ಸಮತಟ್ಟಾದ ಜಾಗ

ಬಕ್ಕೇಶಣ್ಣನ ಗ್ಯಾರೇಜಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಗಾಡಿಗೆ ಯಾರೂ ಸ್ಪ್ಯಾನರ್ ಮುಟ್ಟಿಸುವ ಹಾಗಿರಲಿಲ್ಲ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಗೆ ತಾಗಿದ ಆ ಅಂಗಳಕ್ಕೆ ಎಂಥ ಕಾರೇ ಬರಲಿ, ಮೊದಲು ಅದರ ಮೂತಿ ಮೂಡಣಕ್ಕೆ ತಿರುಗಬೇಕು, ಬಾನೆಟ್ ಮುಂದೆ ಊದುಬತ್ತಿ ಹೊಗೆಯಾಡಬೇಕು, ಆಮೇಲೆ ಕೆಲಸ. ಗಾಡಿಯ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿಯನ್ನೂ ಅವನು ಹಾಗೇ ತೋಡಿಸಿದ್ದ. ಅಂಗಳ ಮೂಡಣಕ್ಕೆ ಇಳಿಜಾರಾಗಿ ಹೋಗಿ ಚರಂಡಿಗೆ ಸೇರುತ್ತಿತ್ತು. ಗಾಡಿ ತೊಳೆದ ನೀರು ತಾನಾಗಿ ಹರಿದುಹೋಗುತ್ತದಲ್ಲ ಎಂದು ಅದೂ ಅನುಕೂಲವೇ ಆಗಿತ್ತು.

"ಸೂರ್ಯನ್ನ ನೋಡೋ ಗಾಡಿ ತಿರುಗಿ ಕಂಪ್ಲೇಂಟ್ ಬರಂಗಿಲ್ಲ" ಎಂದು ಬಕ್ಕೇಶಣ್ಣ ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

ಕರಿಬಸವರಾಜರ ಕಾರು ತಿರುಗಿ ಬಂತು.

ಕರಿಬಸವರಾಜರದು ಹರಿಹರದಲ್ಲಿ ಅಕ್ಕಿ ಮಿಲ್ಲು. ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರು ಅದು. ಹೋದ ತಿಂಗಳು ಅವರ ಮಿಲ್ಲಿನ ಡ್ರೈವರ್ ಭರಮಣ್ಣ ಅದನ್ನು ತಂದುಬಿಟ್ಟು, ಗೇರ್ ಎಣ್ಣೆ ಬದಲಾಯಿಸಿಕೊಂಡು ಹೋಗಿದ್ದ. ಕೆಲಸ ಮಾಡಿದವನು ಪರಶುರಾಮ. ಆ ಗ್ಯಾರೇಜಿನಲ್ಲಿ ಆಟೋಮ್ಯಾಟಿಕ್ ಗಾಡಿಗೆ ಕೈ ಹಾಕುವವನು ಅವನೊಬ್ಬನೇ. ಕುಕ್ಕುವಾಡದಿಂದ ದಿನಾ ಬೈಕಿನಲ್ಲಿ ಬರುವ ಇಪ್ಪತ್ತಾರರ ಹುಡುಗ. ಐಟಿಐ ಮುಗಿಸಿದವನು. ಬಕ್ಕೇಶಣ್ಣ ಸ್ಕ್ಯಾನರ್ ಕೊಂಡಮೇಲೆ ಅದನ್ನು ಹಿಡಿಯುವ ಹಕ್ಕು ಇವನಿಗೆ ಮಾತ್ರ ಸಿಕ್ಕಿತ್ತು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ವೈರು ಚುಚ್ಚಿದರೆ ಸಾಕು, ಗಾಡಿಯ ಒಳಗಿನ ಬಿಸಿ, ಒತ್ತಡ, ದೋಷ ಎಲ್ಲ ಅದರ ಪರದೆ ಮೇಲೆ ಬರುತ್ತಿದ್ದವು. ಗಿರಾಕಿಗಳು ಡಾಕ್ಟರ ಮುಂದೆ ನಿಂತವರ ಹಾಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಪರಶುರಾಮನಿಗೆ ಆ ನೋಟ ಹಿಡಿಸಿತ್ತು. ಹುಬ್ಬು ಗಂಟಿಕ್ಕಿ, ಬೇಕಿಲ್ಲದ ಎರಡು ಗುಂಡಿಯನ್ನೂ ಒತ್ತಿ, ಆಮೇಲೆ ಬಾಯಿ ಬಿಡುವುದನ್ನು ಅವನು ಕಲಿತುಕೊಂಡಿದ್ದ.

ಆ ದಿನ ಕರಿಬಸವರಾಜರೇ ಬಂದಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಹೆಚ್ಚು ಮಾತಿಲ್ಲದ ಮನುಷ್ಯ. ಭರಮಣ್ಣ ಕಾರನ್ನು ಗುಂಡಿಯ ಮೇಲೆ ಮೂಡಣಕ್ಕೆ ತಿರುಗಿಸಿ ನಿಲ್ಲಿಸಿದ.

"ಗೇರಿಗೆ ಹಾಕಿದ್ರೆ ಗಾಡಿ ಯೋಚ್ನೆ ಮಾಡ್ತೈತಂತೆ" ಎಂದರು ಕರಿಬಸವರಾಜರು. "ಹೈವೇ ಫ್ಲೈಓವರ್ ಹತ್ತುವಾಗ ಎಂಜಿನ್ ಬರೇ ಅರಚ್ತೈತಂತೆ, ಮುಂದಕ್ಕೆ ಹೋಗಂಗಿಲ್ಲಂತೆ. ನೀವು ಎಣ್ಣೆ ಬದಲಿ ಮಾಡೋಕಿಂತ ಮುಂಚೆ ಹಿಂಗಿರಲಿಲ್ಲ ಅಂತಾಳೆ ನಮ್ಮ ಹುಡುಗಿ."

ಪರಶುರಾಮ ಸ್ಕ್ಯಾನರ್ ಚುಚ್ಚಿದ. ದೋಷ ಒಂದೂ ಇರಲಿಲ್ಲ. ಗೇರ್ ಎಣ್ಣೆಯ ಬಿಸಿ ಮಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿತ್ತು. 'ಎಣ್ಣೆ ಕಮ್ಮಿ ಐತಾ?' ಎಂಬ ಮಾತು ಅವನ ತಲೆಯಲ್ಲಿ ಸುಳಿಯದೆ ಇರಲಿಲ್ಲ. ಸುಳಿಯಿತು. ಅದನ್ನು ಅಲ್ಲೇ ಅದುಮಿದ. ಯಾಕೆಂದರೆ ನೋಡಬೇಕೆಂದರೆ ಎಲ್ಲರೆದುರಿಗೆ ಕೆಳಗಿನ ಪ್ಲಗ್ ಬಿಚ್ಚಬೇಕು. ಬಿಚ್ಚಿದಾಗ ಎಣ್ಣೆ ಬಾರದಿದ್ದರೆ? ತಾನೇ ಹಾಕಿದ ಎಣ್ಣೆ, ತಾನೇ ನೋಡಿದ ಮಟ್ಟ. ಆಚೆ ಬಕ್ಕೇಶಣ್ಣ ನಿಂತಿದ್ದ. ವೈರಿಂಗ್ ಕೆಲಸದ ಅಂಜನಕುಮಾರ ಟೀ ಲೋಟ ಹಿಡಿದು ನಿಂತಿದ್ದ. ಅವನ ಬಾಯಿಗೆ ಸಿಕ್ಕ ಸುದ್ದಿ ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ಮುಟ್ಟುತ್ತಿತ್ತು.

"ಯಾರ್ರಿ ಓಡ್ಸೋದು ಇದನ್ನ?" ಎಂದು ಕೇಳಿದ ಪರಶುರಾಮ.

"ನನ್ನ ಮಗಳು. ವಾಣಿ ಅಂತ. ಇಲ್ಲೇ ನಿಮ್ಮೂರ ಕಾಲೇಜಿನಾಗೆ ಲೆಕ್ಚರರ್. ದಿನಾ ಹರಿಹರದಿಂದ ಓಡಾಡ್ತಾಳೆ."

ಸಾಕಾಯಿತು. ಪರಶುರಾಮ ಹುಬ್ಬು ಗಂಟಿಕ್ಕಿದ, ಎರಡು ಗುಂಡಿ ಒತ್ತಿದ.

"ಸಾವ್ಕಾರ್ರೆ, ಬೇಜಾರು ಮಾಡ್ಕಬ್ಯಾಡ್ರಿ. ಮೇಡಂ ಎರಡೂ ಕಾಲಿನಾಗೆ ಓಡಿಸ್ತಾರೆ. ಬಲಗಾಲು ಎಕ್ಸಲೇಟರ್ ಮೇಲೆ, ಎಡಗಾಲು ಬ್ರೇಕ್ ಮೇಲೆ. ಅದಕ್ಕೇ ಗೇರ್‌ಬಾಕ್ಸ್ ಕಾಯ್ತೈತೆ."

ಅಂಜನಕುಮಾರ ಟೀ ಹೀರಿ ನಕ್ಕ. "ಹೆಣ್ಮಕ್ಳ ಕೈಗೆ ಆಟೋಮ್ಯಾಟಿಕ್ ಕೊಟ್ರೆ ಹಂಗೇರಿ. ಒಂದ್ ಕಾಲು ಹೋಗು ಅಂತೈತೆ, ಇನ್ನೊಂದ್ ಕಾಲು ನಿಲ್ಲು ಅಂತೈತೆ. ಪಾಪ ಗಾಡಿ ಯಾರ ಮಾತು ಕೇಳ್ಬೇಕು?"

ಬಕ್ಕೇಶಣ್ಣ ನಕ್ಕ. ಪರಶುರಾಮನೂ ನಕ್ಕ. ಕರಿಬಸವರಾಜರು ನಗಲಿಲ್ಲ. ಭರಮಣ್ಣ ಯಾಕೋ ನೆಲ ನೋಡಿದ.

"ಎಡಗಾಲಾ?" ಎಂದರು ಕರಿಬಸವರಾಜರು.

"ಹೌದ್ರಿ."

"ಎಡಗಾಲು ಬ್ರೇಕ್ ಮೇಲೆ ಇರ್ತೈತಾ? ಮಷಿನ್ ಹಂಗ ಹೇಳ್ತೈತಾ?"

"ಮಷಿನ್‌ಗೆ ಯಾರ ಮುಲಾಜೈತ್ರಿ, ಸಾವ್ಕಾರ್ರೆ?"

ಕರಿಬಸವರಾಜರು ಆ ಪರದೆಯನ್ನು ಒಮ್ಮೆ ನೋಡಿದರು. ಅದರಲ್ಲಿ ಅವರಿಗೆ ಓದಲು ಬರುವಂಥದು ಏನೂ ಇರಲಿಲ್ಲ. ಭರಮಣ್ಣನಿಗೆ ಗಾಡಿ ತೆಗೆಯಲು ಕಣ್ಣಲ್ಲೇ ಹೇಳಿ ಹಿಂದಿನ ಸೀಟಿನಲ್ಲಿ ಕೂತರು. ದಪ್ಪ ಮನುಷ್ಯ ಇದ್ದಕ್ಕಿದ್ದಂತೆ ಕುಗ್ಗಿದ ಹಾಗೆ ಕಂಡರು. ಪರಶುರಾಮ ಅದನ್ನು ಮಗಳ ಮೇಲಿನ ಸಿಟ್ಟು ಎಂದುಕೊಂಡ.

ಅದಾಗಿ ನಾಲ್ಕಾರು ದಿನಕ್ಕೆ ಬೆಳಿಗ್ಗೆ ಗ್ಯಾರೇಜಿನ ಮುಂದೆ ಒಂದು ಆಟೋ ನಿಂತಿತು. ಅದರಿಂದ ಮೊದಲು ಒಂದು ಊರುಗೋಲು ಇಳಿಯಿತು, ಆಮೇಲೆ ಬಲಗಾಲು, ಕೊನೆಗೆ ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ ಎಡಗಾಲು. ಚೂಡಿದಾರದ ಕೆಳಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಒಂದು ಭಾರದ ಬೂಟು. ಮೂವತ್ತರ ಆಚೆಯ ಹೆಂಗಸು. ಹೆಗಲಿಗೆ ಚೀಲ, ಕೊರಳಲ್ಲಿ ಕಾಲೇಜಿನ ಗುರುತಿನ ಪಟ್ಟಿ.

"ಪರಶುರಾಮ ಅಂದ್ರೆ ಯಾರ್ರಿ?"

ಪರಶುರಾಮ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಅವನಿಗೆ ಇನ್ನೂ ಹೊಳೆದಿರಲಿಲ್ಲ. "ನಾನೇರಿ ಮೇಡಂ. ಯಾವ ಗಾಡಿ?"

"ಹರಿಹರದ್ದು. ಕರಿಬಸವರಾಜರ ಮಗಳು ನಾನು. ವಾಣಿ."

ಅವನ ಕೈ ಬಟ್ಟೆಯಲ್ಲೇ ನಿಂತುಹೋಯಿತು. ಕಣ್ಣು ಆ ಕಬ್ಬಿಣದ ಪಟ್ಟಿಗೆ ಹೋಗಬಾರದೆಂದರೂ ಹೋಯಿತು. ಹೋದದ್ದನ್ನು ಅವಳು ನೋಡಿದಳು.

"ನೋಡ್ರಿ, ಚೆನ್ನಾಗಿ ನೋಡ್ರಿ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಹೋದ ಕಾಲು ಇದು. ಇದನ್ನ ಎಲ್ಲಿ ಇಟ್ರೆ ಅಲ್ಲೇ ಇರ್ತೈತೆ, ಎತ್ತಬೇಕಂದ್ರೆ ಕೈಲಿ ಎತ್ತಬೇಕು. ಇದಕ್ಕೆ ಕ್ಲಚ್ ಒತ್ತಾಕೆ ಆಗಲ್ಲ ಅಂತಲೇ ಆ ಗಾಡಿ ತಗೊಂಡಿದ್ದು. ಈಗ ನಿಮ್ಮ ಮಷಿನ್ ತೋರ್ಸಿ. ಈ ಕಾಲು ಬ್ರೇಕ್ ಮೇಲೆ ಇದ್ದದ್ದು ಅದರಲ್ಲಿ ಎಲ್ಲಿ ಕಂಡಿತು?"

ಆಚೆ ಅಂಜನಕುಮಾರ ಒಂದು ಕಾರಿನ ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿಬಿಟ್ಟ. ಬಕ್ಕೇಶಣ್ಣ ಒಂದು ಸ್ಟೂಲು ತಂದ. "ಕೂಡ್ರಿ ತಂಗಿ, ಕೂಡ್ರಿ. ಟೀ ತರಿಸ್ಲಾ?"

"ಬ್ಯಾಡಣ್ಣ." ಅವಳು ಪರಶುರಾಮನಿಂದ ಕಣ್ಣು ತೆಗೆಯಲಿಲ್ಲ. "ಬ್ರೇಕ್ ಒತ್ತಿದ್ದು ಮಷಿನ್‌ಗೆ ಗೊತ್ತಾಗ್ತೈತೆ ಅಂತ ನಾನೂ ಓದಿದೀನಿ. ಯಾವ ಕಾಲು ಅಂತ ಹೆಂಗೆ ಗೊತ್ತಾಗ್ತೈತೆ?"

"ಅದು... ಮೇಡಂ... ಹೀಟ್ ಜಾಸ್ತಿ ಇತ್ತು. ಅದರ ಮೇಲೆ ಅಂದಾಜು..."

"ಅಂದಾಜು ಅಂತ ಹೇಳಿದ್ರಾ ನಮ್ಮಪ್ಪಂಗೆ? ಮಷಿನ್ ಹೇಳ್ತೈತೆ ಅಂದ್ರಂತೆ. ಮುಲಾಜಿಲ್ಲ ಅಂದ್ರಂತೆ." ಅವಳ ಗಂಟಲು ಏರಲಿಲ್ಲ. ಪಾಠ ಮಾಡುವ ಗಂಟಲು, ಕೊನೇ ಬೆಂಚಿಗೆ ಮುಟ್ಟುವಂಥದು. "ನಮ್ಮಪ್ಪಂಗೆ ಮೊದ್ಲಿಂದ ಅದೇ ಭಯ. ಕಾಲು ನಂಗೆ ಗೊತ್ತಾಗದಂಗೆ ಜಾರಿ ಪೆಡಲ್ ಮೇಲೆ ಬಿದ್ರೆ ಅಂತ. ಲೈಸೆನ್ಸ್ ತಗೊಂಡಾಗ ಒಂದು ವರ್ಷ ಜಗಳ ಆಡಿದೀನಿ ಮನೇಲಿ. ಬೀಳಲ್ಲ ಅಂತ ತೋರ್ಸಿ ತೋರ್ಸಿ ಸಾಕಾಗಿ ಈಗ ನಂಬಿದ್ರು. ನೀವು ಒಂದು ಮಾತಲ್ಲಿ ಮುಗಿಸಿದ್ರಿ. ಕೀಲಿ ತಗೊಂಡು ಅಂಗಿ ಜೇಬಲ್ಲಿ ಇಟ್ಕೊಂಡಿದಾರೆ. ಗಾಡಿ ಮಾರ್ತಾರಂತೆ. ಭರಮಣ್ಣ ಬಿಟ್ಟು ಬರ್ತಾನೆ, ಕರ್ಕೊಂಡು ಬರ್ತಾನೆ ಅಂತಾರೆ. ಸಣ್ಣವಳಿದ್ದಾಗ ಹೊತ್ಕೊಂಡು ತಿರುಗ್ತಿದ್ರಲ್ಲ, ಮತ್ತೆ ಅಲ್ಲಿಗೇ ಬಂತು."

ಪರಶುರಾಮ ಏನೋ ಹೇಳಲು ಬಾಯಿ ತೆರೆದ. ಹೇಳುವಂಥದು ಒಂದೇ ಇತ್ತು, ಅದು ಬರಲಿಲ್ಲ. ಬಂದದ್ದು ಇಷ್ಟು: "ಇನ್ನೊಂದ್ ಸಲ ಚೆಕ್ ಮಾಡ್ತೀನ್ರಿ ಮೇಡಂ."

"ಮಾಡ್ರಿ. ಆದ್ರೆ ಗಾಡಿ ಇಲ್ಲಿಗೆ ಬರಲ್ಲ. ನೀವೇ ಬರ್ರಿ. ನಮ್ಮಪ್ಪನ ಮುಂದೆ ಮಾಡ್ರಿ."

ಅವಳು ತಿರುಗಿದಳು. ಆಟೋ ಚರಂಡಿಯ ಬದಿಯ ಗೇಟಿನಲ್ಲಿ ನಿಂತಿತ್ತು. ನಾಲ್ಕು ಹೆಜ್ಜೆ ಇಟ್ಟವಳು ತಡೆದು, ಊರುಗೋಲನ್ನು ಮುಂದಕ್ಕೆ ಗಟ್ಟಿಯಾಗಿ ಊರಿ, ಮೈಯನ್ನು ಹಿಂದಕ್ಕೆ ವಾಲಿಸಿದಳು. ಬಕ್ಕೇಶಣ್ಣ ಕೈ ಕೊಡಲು ಓಡಿದ.

"ಬ್ಯಾಡ ಬಿಡ್ರಿ. ನಿಮ್ಮ ಅಂಗಳ ಎಷ್ಟು ಇಳಿಜಾರು ಐತ್ರಿ! ಮುಂದಕ್ಕೆ ಎಳೀತೈತೆ."

ಎಲ್ಲರೂ ದಿನಾ ಓಡಾಡುವ ಅಂಗಳ. ಗಟ್ಟಿ ಕಾಲಿನವರಿಗೆ ಅದು ತಿಳಿಯುತ್ತಿರಲಿಲ್ಲ.

ಆಟೋ ಹೋಯಿತು. ಪರಶುರಾಮ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಅವನಿಗೆ ಈಗ ಎಲ್ಲ ಗೊತ್ತಾಗಿತ್ತು. ಆ ಕಾರಿನ ಗೇರ್‌ಬಾಕ್ಸಿಗೆ ಎಣ್ಣೆ ಅಳೆಯುವ ಕಡ್ಡಿ ಇಲ್ಲ. ಎಂಜಿನ್ ಚಾಲೂ ಇಟ್ಟು, ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ ತೆಗೆದು, ಎಣ್ಣೆ ನಲವತ್ತು ಡಿಗ್ರಿ ಕಾಯುವುದನ್ನು ಸ್ಕ್ಯಾನರಿನಲ್ಲಿ ನೋಡುತ್ತ ಕೂರಬೇಕು. ಕಾದ ಕೂಡಲೇ ಕೆಳಗಿನ ಪ್ಲಗ್ ಬಿಚ್ಚಬೇಕು. ಹೆಚ್ಚಿದ್ದ ಎಣ್ಣೆ ಹರಿದುಹೋಗಿ, ಕೊನೆಗೆ ತೊಟ್ಟಿಕ್ಕಲು ಶುರುವಾದರೆ ಅದೇ ಸರಿಯಾದ ಮಟ್ಟ. ಮೂತಿ ಇಳಿಜಾರಿಗೆ ಬಾಗಿ ನಿಂತ ಗಾಡಿಯಲ್ಲಿ ಎಣ್ಣೆಯೆಲ್ಲ ಮುಂದಕ್ಕೆ ಬಂದು ನಿಲ್ಲುತ್ತದೆ. ಪ್ಲಗ್ ಇದ್ದದ್ದೂ ಮುಂಬದಿಗೆ. ಹಾಗಾಗಿ ಒಳಗೆ ಇರಬೇಕಾದ ಎಣ್ಣೆಯೂ ಹೆಚ್ಚಾದ ಎಣ್ಣೆಯ ಹಾಗೆ ಹೊರಗೆ ಹರಿದಿತ್ತು. ಅವನು ಅದನ್ನು ಡಬ್ಬಕ್ಕೆ ಹಿಡಿದು, ತೊಟ್ಟಿಕ್ಕಿದಾಗ ಪ್ಲಗ್ ಬಿಗಿದು, ಕೆಲಸ ಮುಗಿಯಿತು ಎಂದಿದ್ದ.

ಇಷ್ಟೇ ಆಗಿದ್ದರೆ ತಪ್ಪು, ಆಯಿತು ಎನ್ನಬಹುದಿತ್ತು. ಆದರೆ ಆ ಕೆಲಸ ಶುರು ಮಾಡುವಾಗ ಸ್ಕ್ಯಾನರ್ ಮೊದಲ ಪರದೆಯಲ್ಲೇ ಒಂದು ಪ್ರಶ್ನೆ ಕೇಳುತ್ತಿತ್ತು. ವಾಹನ ಸಮತಟ್ಟಾದ ಜಾಗದಲ್ಲಿ ನಿಂತಿದೆಯೇ? ಕೆಳಗೆ ಎರಡು ಆಯ್ಕೆ: 'ಹೌದು', 'ಇಲ್ಲ'. ಅವನು ಪ್ರತಿ ಸಲ ಹೌದು ಒತ್ತುತ್ತಿದ್ದ. ಓದಿಯೇ ಒತ್ತುತ್ತಿದ್ದ. ಮುಲಾಜಿಲ್ಲದ ಮಷಿನ್ ಅದೊಂದನ್ನು ಮಾತ್ರ ಇವನ ಮಾತಿನ ಮೇಲೆ ಬಿಟ್ಟಿತ್ತು.

ಸಂಜೆ ಬಕ್ಕೇಶಣ್ಣನಿಗೆ ಹೇಳಿದ.

"ಲೇ, ಇಷ್ಟು ವರ್ಷ ಇದೇ ಗುಂಡಿ ಮೇಲೆ ಸಾವಿರ ಗಾಡಿ ಮಾಡೀವಿ. ಯಾವ ಗಾಡಿ ತಕರಾರು ಮಾಡಿತ್ತು?"

"ಅದ್ರಾಗೆ ಬಹಳಷ್ಟು ಕಡ್ಡಿ ಇದ್ದ ಗಾಡಿ ಅಣ್ಣ."

ಬಕ್ಕೇಶಣ್ಣ ಗಲ್ಲ ಕೆರೆದುಕೊಂಡ. "ಹಂಗಾದ್ರೆ ಹಿಂಗ್ ಮಾಡು. ವಾಷರ್ ಹೋಗಿತ್ತು, ಎಣ್ಣೆ ಸೋರ್ತಿತ್ತು ಅಂತ ಹೇಳು. ಹೊಸ ವಾಷರ್ ಹಾಕಿ ಎಣ್ಣೆ ತುಂಬ್ಸಿ ಬಾ. ಸಾವ್ಕಾರ್ರಿಗೂ ಸಮಾಧಾನ, ಆ ತಂಗಿಗೂ ಗಾಡಿ ಸಿಕ್ತು. ನಿನ್ನ ಮರ್ಯಾದೆ ನಿನ್ ಹತ್ರನೇ ಇರ್ತೈತೆ. ಯಾರಿಗೇನು ಲುಕ್ಸಾನು?"

ಪರಶುರಾಮನಿಗೆ ಆ ಮಾತು ತುಂಬ ಚೆನ್ನಾಗಿ ಕಂಡಿತು. ಅಷ್ಟು ಚೆನ್ನಾಗಿ ಕಂಡದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಆದರೂ ಹೊರಡುವಾಗ ಹೊಸ ವಾಷರೊಂದನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಎಣ್ಣೆ ಬಾಟಲಿ, ಆಲಿಕೆ, ಸ್ಕ್ಯಾನರ್ ಕಟ್ಟಿಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋದ. ಮಿಲ್ಲಿನ ಅಂಗಳ ತುಂಬ ಭತ್ತದ ಟ್ರ್ಯಾಕ್ಟರು. ಕಾರು ಒಂದು ಮೂಲೆಯಲ್ಲಿ ಧೂಳು ಹೊದ್ದು ನಿಂತಿತ್ತು. ವಾಣಿ ರಜೆ ಹಾಕಿ ಕಾಯುತ್ತಿದ್ದಳು. ಕರಿಬಸವರಾಜರು ಕಚೇರಿಯ ಬಾಗಿಲಲ್ಲಿ ನಿಂತು ತಲೆಯಾಡಿಸಿದರು, ಬಾ ಎನ್ನಲಿಲ್ಲ.

"ಸಮತಟ್ಟಾದ ಜಾಗ ಬೇಕಿತ್ರಿ" ಎಂದ ಪರಶುರಾಮ. "ಚೂರೂ ಇಳಿಜಾರು ಇರಬಾರ್ದು."

"ಹಂಗಾದ್ರೆ ವೇಬ್ರಿಡ್ಜ್ ಒಂದೇ" ಎಂದ ಭರಮಣ್ಣ. "ಅದು ಸಮ ಇಲ್ದಿದ್ರೆ ರೈತರು ನಮ್ಮನ್ನ ಬಿಡ್ತಾರಾ?"

ಹೀಗೆ ಭತ್ತದ ಲೋಡು ತೂಗುವ ಕಬ್ಬಿಣದ ಹಾಸಿನ ಮೇಲೆ ಕಾರು ಏರಿತು. ಗೋಡೆಯ ಮೇಲಿನ ಕೆಂಪು ಅಂಕಿಗಳು ಓಡಾಡಿ ಅದರ ತೂಕ ತೋರಿಸಿ ನಿಂತವು. ಸಾರಥಿ ಎಂಬ ಹಳ್ಳಿಯಿಂದ ಬಂದ ಟ್ರ್ಯಾಕ್ಟರೊಂದು ಹಿಂದೆಯೇ ಕಾಯುತ್ತಿತ್ತು.

"ಏನ್ರಿ ಸಾವ್ಕಾರ್ರೆ, ಕಾರಿಗೂ ತೂಕ ಹಾಕ್ತೀರಾ? ಎಷ್ಟು ಚೀಲ ಬಂತು?" ಎಂದು ಅದರ ಡ್ರೈವರ್ ಕೂಗಿದ. ಹಮಾಲರು ನಕ್ಕರು, ಕೆಲಸ ಬಿಟ್ಟು ಸುತ್ತ ನೆರೆದರು. ಪರಶುರಾಮನಿಗೆ ನೋಡುವವರೆಂದರೆ ಇಷ್ಟವಿತ್ತು ಒಂದು ಕಾಲಕ್ಕೆ.

ಕರಿಬಸವರಾಜರು ಜೇಬಿನಿಂದ ಕೀಲಿ ತೆಗೆದು ಪರಶುರಾಮನ ಕಡೆ ಚಾಚಿದರು. ವಾಣಿ ನಡುವೆ ಕೈ ಹಾಕಿ ತಾನೇ ತೆಗೆದುಕೊಂಡಳು. ಸೀಟಿನಲ್ಲಿ ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಬಾಗಿಲ ಬದಿಯ ಮೂಲೆಗೆ ಇಟ್ಟು, ಎಂಜಿನ್ ಚಾಲೂ ಮಾಡಿದಳು. ಪರಶುರಾಮ ಬಾಗಿ ಸ್ಕ್ಯಾನರ್ ಚುಚ್ಚಿದ. ಚುಚ್ಚುವ ಸಾಕೆಟ್ಟು ಅವಳ ಮಂಡಿಯ ಹತ್ತಿರ ಇತ್ತು. ಕಣ್ಣನ್ನು ವೈರಿನ ಮೇಲೇ ನೆಟ್ಟುಕೊಂಡ.

ಪರದೆ ಕೇಳಿತು. ಅವನು ಸುತ್ತ ಒಮ್ಮೆ ನೋಡಿದ, ಹೌದು ಒತ್ತಿದ.

ಬ್ರೇಕ್ ಒತ್ತಿಹಿಡಿದು ಎಲ್ಲ ಗೇರಿಗೂ ಹಾಕಿ ತೆಗೆಯಲು ಹೇಳಿದ. ಅವಳು ಮಾಡಿ ಪಾರ್ಕಿಗೆ ತಂದಳು, ಹ್ಯಾಂಡ್‌ಬ್ರೇಕ್ ಎಳೆದಳು. ಚಕ್ರಗಳಿಗೆ ಭರಮಣ್ಣ ಕಲ್ಲು ಕೊಟ್ಟ. ಪರಶುರಾಮ ಸ್ಕ್ಯಾನರನ್ನು ಅವಳ ಕೈಗೆ ಕೊಟ್ಟು, ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ತೂರಿದ.

"ಮೂವತ್ತಾರು" ಎಂದಳು ಮೇಲಿನಿಂದ. ಸ್ವಲ್ಪ ಹೊತ್ತಾಯಿತು. "ಮೂವತ್ತೆಂಟು."

ಅಡಿಯಲ್ಲಿ ಮಲಗಿದವನಿಗೆ ಸುತ್ತಲಿನ ಕಾಲುಗಳು ಮಾತ್ರ ಕಾಣುತ್ತಿದ್ದವು. ಹಮಾಲರ ಬರಿಗಾಲು, ಭರಮಣ್ಣನ ರಬ್ಬರ್ ಚಪ್ಪಲಿ, ಕರಿಬಸವರಾಜರ ಹೊಳೆಯುವ ಚರ್ಮದ ಚಪ್ಪಲಿ. ಎಲ್ಲ ಗಟ್ಟಿ ಕಾಲುಗಳು.

"ನಲವತ್ತು."

ಪ್ಲಗ್ ಬಿಚ್ಚಿದ. ಏನೂ ಬರಲಿಲ್ಲ. ಒಂದು ಹನಿಯೂ ಇಲ್ಲ. ಬೆರಳು ಹಾಕಿ ನೋಡಿದ, ಅಂಚು ಒಣಗಿತ್ತು. ಗೊತ್ತಿದ್ದದ್ದೇ. ಆದರೂ ಇನ್ನೊಮ್ಮೆ ಬೆರಳಾಡಿಸಿದ.

"ಭರಮಣ್ಣ, ಮೇಲಿಂದ ಹಾಕ್ರಿ. ನಿಧಾನಕ್ಕೆ."

ಬಾನೆಟ್ಟಿನೊಳಗೆ ಆಲಿಕೆ ಇಟ್ಟು ಭರಮಣ್ಣ ಸುರಿಯತೊಡಗಿದ. ಸುರಿಯುತ್ತ ಭತ್ತದ ಅಳತೆಯ ಹಾಗೆ ಗಟ್ಟಿಯಾಗಿ ಹೇಳಿದ. "ಅರ್ಧ ಬಾಟ್ಲಿ ಹೋತು... ಮುಕ್ಕಾಲು ಹೋತು... ಲೇ ತಮ್ಮ, ಇನ್ನೂ ಕುಡೀತೈತಲ್ಲೋ!"

ಬಾಟಲಿಯ ತಳ ಕಾಣುವ ಹೊತ್ತಿಗೆ ಕೆಂಪು ಎಣ್ಣೆಯ ಎಳೆಯೊಂದು ಕೆಳಗಿಳಿಯಿತು. ಎಳೆ ಸಣ್ಣಗಾಗಿ, ಕಡಿದು, ತೊಟ್ಟಿಕ್ಕಿತು. ಪರಶುರಾಮ ಪ್ಲಗ್ ಬಿಗಿದ. ಅಡಿಯಿಂದ ಹೊರಗೆ ಬರಲು ಅವನಿಗೆ ಮನಸ್ಸಾಗಲಿಲ್ಲ. ಆ ಗೋಣಿಚೀಲದ ಮೇಲೇ ಇದ್ದುಬಿಡಬಹುದಾಗಿದ್ದರೆ ಇದ್ದುಬಿಡುತ್ತಿದ್ದ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ.

ಹೊರಬಂದಾಗ ಕರಿಬಸವರಾಜರು ಖಾಲಿ ಬಾಟಲಿ ಹಿಡಿದು ನಿಂತಿದ್ದರು.

"ಸೋರಿತ್ತಾ?" ಎಂದರು.

ಬಾಗಿಲು ತೆರೆದುಕೊಟ್ಟ ಹಾಗೆ ಆ ಪ್ರಶ್ನೆ. ಜೇಬಿನಲ್ಲಿ ವಾಷರ್ ಇತ್ತು. ಹೌದ್ರಿ ಅಂದರೆ ಮುಗಿದೇ ಹೋಗುತ್ತಿತ್ತು. ಪರಶುರಾಮ ವಾಣಿಯ ಕಡೆ ನೋಡಿದ. ಅವಳು ಸ್ಟೇರಿಂಗ್ ಮೇಲೆ ಕೈ ಇಟ್ಟು, ಇವನು ಏನು ಹೇಳುತ್ತಾನೋ ನೋಡೋಣ ಎನ್ನುವಂತೆ ಕೂತಿದ್ದಳು. ಅವಳ ಮುಖದಲ್ಲಿ ನಿರೀಕ್ಷೆ ಏನೂ ಇರಲಿಲ್ಲ. ಇನ್ನೊಂದು ಸುಳ್ಳಿಗೆ ತಯಾರಾದ ಮುಖ ಅದು.

"ಸೋರಿಲ್ರಿ" ಎಂದ. "ನಾನು ಹಾಕಿದಾಗಲೇ ಕಮ್ಮಿ ಹಾಕಿದ್ದೆ. ನಮ್ಮ ಗ್ಯಾರೇಜ್ ಇಳಿಜಾರು ಐತೆ. ಅಲ್ಲಿ ಮಟ್ಟ ನೋಡಬಾರ್ದಿತ್ತು. ನೋಡಿದೆ."

"ಹೂಂ." ಕರಿಬಸವರಾಜರು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಮಾಡಿದರು. "ಹಂಗಾದ್ರೆ ಆ ಕಾಲಿನ ಮಾತು?"

ಹಮಾಲರು ಇನ್ನಷ್ಟು ಹತ್ತಿರ ಸರಿದರು. ಭರಮಣ್ಣ ಮತ್ತೆ ನೆಲ ನೋಡಿದ.

"ಅದು ಮಷಿನ್ ಹೇಳಿದ್ದಲ್ರಿ."

"ಮತ್ತೆ?"

"ನಾನು ಹೇಳಿದ್ದು. ಏನೋ ಒಂದು ಹೇಳ್ಬೇಕಿತ್ತು... ಹೇಳಿದೆ. ಮೇಡಂ ಕಾಲಿನ ವಿಷ್ಯ ನಂಗೆ ಗೊತ್ತಿರಲಿಲ್ರಿ." ಕೊನೆಯ ಮಾತು ಬಾಯಿಂದ ಬಿದ್ದ ಕೂಡಲೇ ಅದು ಎಷ್ಟು ಹೊಲಸು ಎಂದು ಅವನಿಗೇ ಕೇಳಿಸಿತು. ಗೊತ್ತಿಲ್ಲದಿದ್ದರೆ ಸುಳ್ಳು ಹೇಳಬಹುದಿತ್ತು ಎಂದ ಹಾಗೆ.

ಬಯ್ಯುತ್ತಾರೆ ಎಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಕರಿಬಸವರಾಜರು ಅವನನ್ನು ನೋಡಲೇ ಇಲ್ಲ. ಕಾರಿನ ಕಿಟಕಿಯ ಹತ್ತಿರ ಹೋಗಿ ಮಗಳ ಮುಂದೆ ನಿಂತರು. ಅವರ ಕತ್ತಿನವರೆಗೂ ಕೆಂಪೇರಿತ್ತು.

"ಕೀಲಿ ನಿನ್ ಹತ್ರನೇ ಇರ್ಲಿ, ವಾಣಿ."

"ಪಕ್ಕಕ್ಕೆ ಕೂಡ್ರು ಅಪ್ಪ. ದಾವಣಗೆರೆತನಕ ಬಂದು ನೋಡು. ಕಾಲು ಎಲ್ಲಿರ್ತೈತೆ ಅಂತ ಕಣ್ಣಾರೆ ನೋಡು."

"ಬ್ಯಾಡವ್ವ. ನಂಗೆ ನಿನ್ ಮೇಲೆ ನಂಬಿಕೆ ಐತೆ."

"ಈಗ ಐತೆ" ಎಂದಳು ವಾಣಿ. "ನಾನು ಇಷ್ಟು ದಿನ ಹೇಳಿದೆ, ಕಾಲು ಜಾರಿಲ್ಲ ಅಂತ. ಅವಾಗ ಇರಲಿಲ್ಲ. ಈ ಮನುಷ್ಯ ಬಂದು ಸುಳ್ಳು ಅಂತ ಒಪ್ಕೊಂಡ ಮೇಲೆ ಐತೆ."

ಕರಿಬಸವರಾಜರು ಬಾಟಲಿಯನ್ನು ಭರಮಣ್ಣನ ಕೈಗೆ ಕೊಟ್ಟು, ಟ್ರ್ಯಾಕ್ಟರಿನವನಿಗೆ ಬಾ ಎಂದು ಕೈಸನ್ನೆ ಮಾಡುತ್ತ ಕಚೇರಿಯ ಕಡೆ ನಡೆದರು. ಟ್ರ್ಯಾಕ್ಟರ್ ಬರಲು ಕಾರು ಇನ್ನೂ ಜಾಗ ಬಿಟ್ಟಿರಲಿಲ್ಲ.

"ಹತ್ತಿ" ಎಂದಳು ವಾಣಿ ಪರಶುರಾಮನಿಗೆ.

"ಬ್ಯಾಡ್ರಿ ಮೇಡಂ, ನಾನು ಬಸ್ಸಿಗೆ..."

"ರೋಡ್ ಟೆಸ್ಟ್ ಮಾಡಲ್ವಾ? ಹತ್ತಿ."

ಹತ್ತಿದ. ಹರಿಹರ ದಾಟಿ ಹೈವೇಗೆ ಬಂದರು. ಸ್ಕ್ಯಾನರ್ ಅವನ ತೊಡೆಯ ಮೇಲಿತ್ತು. ನೋಡಲು ಅದೊಂದು ಇದ್ದದ್ದು ಅವನ ಪುಣ್ಯ. ಫ್ಲೈಓವರ್ ಬಂತು. ಎಂಜಿನ್ ಅರಚಲಿಲ್ಲ. ಗಾಡಿ ಬೆಣ್ಣೆಯಲ್ಲಿ ಕೈ ಆಡಿದ ಹಾಗೆ ಏರಿತು.

"ಈಗ ಎಷ್ಟು?"

"ಎಪ್ಪತ್ತೆರಡು, ಮೇಡಂ. ಸರಿ ಐತೆ."

"ಕಾಲು?"

ಅವನು ಕೇಳಿಸದವನಂತೆ ಪರದೆ ನೋಡಿದ.

"ಕಾಲು ಎಲ್ಲೈತೆ ನೋಡಿ ಹೇಳ್ರಿ. ನಮ್ಮಪ್ಪ ನೋಡಲಿಲ್ಲ. ನೀವಾದ್ರೂ ನೋಡ್ರಿ."

ನೋಡಿದ. ಬಲಗಾಲು ಒಂದು ಪೆಡಲಿನಿಂದ ಇನ್ನೊಂದಕ್ಕೆ ಹಿಮ್ಮಡಿ ಎತ್ತದೆ ತಿರುಗುತ್ತಿತ್ತು, ಎಷ್ಟೋ ಸಾವಿರ ಸಲ ತಿರುಗಿ ಪಳಗಿದ ಹಾಗೆ. ಎಡಗಾಲು ಬಾಗಿಲ ಮೂಲೆಯಲ್ಲಿ, ಅವಳು ಇಟ್ಟಲ್ಲೇ ಇತ್ತು. ಅದು ಜಾರದಂತೆ ಅವಳು ಒಂದು ಪುಟ್ಟ ಬೆಲ್ಟನ್ನು ಸೀಟಿಗೆ ಬಿಗಿದು ಮಂಡಿಯ ಸುತ್ತ ಕೊಕ್ಕೆ ಹಾಕಿದ್ದಳು. ಹಳೆಯ ಬೆಲ್ಟು, ಅಂಚು ಸವೆದಿತ್ತು. ಗ್ಯಾರೇಜಿನಲ್ಲಿ ಅವನು ಎರಡು ಸಲ ಆ ಕಾರಿನೊಳಗೆ ಬಾಗಿ ಸ್ಕ್ಯಾನರ್ ಚುಚ್ಚಿದ್ದ. ಎರಡು ಸಲವೂ ಆ ಬೆಲ್ಟು ಕೈಗೆ ಅಡ್ಡ ಬಂದು, ಅದನ್ನು ಆಚೆ ಸರಿಸಿದ್ದ.

"ಮೂಲೇಲಿ ಐತ್ರಿ" ಎಂದ. "ಬ್ರೇಕಿಂದ ದೂರ ಐತೆ."

"ಹೂಂ" ಎಂದಳು. ಅಷ್ಟೇ. ಕ್ಷಮಿಸಿದಳೋ ಇಲ್ಲವೋ ಎಂದು ಅವನಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಗ್ಯಾರೇಜಿನ ಮುಂದೆ ರಸ್ತೆಯಲ್ಲೇ ನಿಲ್ಲಿಸಿದಳು. ಅವನು ಇಳಿದ. ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಕಾರು ಹೋಗಿತ್ತು.

ಅಂಗಳದಲ್ಲಿ ಟೀ ಹೊತ್ತು. ಅಂಜನಕುಮಾರ ಲೋಟ ಎತ್ತಿದ.

"ಏನೋ ಪರಶ್ಯಾ, ಎರಡು ಕಾಲಿನ ಮೇಡಂ ಡ್ರಾಪ್ ಕೊಟ್ರಾ?"

"ನಾನು ಸುಳ್ಳು ಹೇಳಿದ್ದೆ" ಎಂದ ಪರಶುರಾಮ. "ಎಣ್ಣೆ ನಾನೇ ಕಮ್ಮಿ ಹಾಕಿ, ಅವರ ಮೇಲೆ ಹಾಕಿದ್ದೆ. ನೀನು ನಗಬೇಕಂದ್ರೆ ಅದಕ್ಕೆ ನಗು."

ಅಂಜನಕುಮಾರ ನಗಲಿಲ್ಲ. ಬಕ್ಕೇಶಣ್ಣ ಕೆಮ್ಮಿದ. "ಆಯ್ತು ಬಿಡಪ್ಪ, ಮುಗೀತಲ್ಲ. ನೋಡು, ಮಾಯಕೊಂಡದಿಂದ ಒಂದು ಆಟೋಮ್ಯಾಟಿಕ್ ಬಂದೈತೆ. ಗೇರ್ ಎಣ್ಣೆ ಬದಲಿ ಮಾಡಿ ಮಟ್ಟ ನೋಡ್ಬೇಕಂತೆ. ಗುಂಡಿ ಮೇಲೆ ನಿಲ್ಸೀವಿ."

ಕಾರು ಮೂಡಣಕ್ಕೆ ಮುಖ ಮಾಡಿ ನಿಂತಿತ್ತು. ಊದುಬತ್ತಿ ಅರ್ಧ ಉರಿದಿತ್ತು. ಅದರ ಯಜಮಾನ ಪಕ್ಕದಲ್ಲಿ ಕೈಕಟ್ಟಿ ನಿಂತು ಸ್ಕ್ಯಾನರನ್ನೇ ನೋಡುತ್ತಿದ್ದ, ಉಸಿರು ಬಿಗಿಹಿಡಿದು.

ಪರಶುರಾಮ ವೈರು ಚುಚ್ಚಿದ. ಪರದೆ ಹೊತ್ತಿಕೊಂಡು ತನ್ನ ಪ್ರಶ್ನೆ ಕೇಳಿತು. ಅವನು 'ಇಲ್ಲ' ಒತ್ತಿದ.

ಪರದೆ ಮಿನುಗಿ, ಆರಿ, ಮೊದಲಿಗೇ ಹೋಗಿ ನಿಂತಿತು. 'ಇಲ್ಲ' ಒತ್ತಿದರೆ ಏನಾಗುತ್ತದೆಂದು ಅವನು ಇವತ್ತಿನವರೆಗೂ ನೋಡಿರಲಿಲ್ಲ.

"ಯಾಕೋ, ನಿಂತ್ಹೋತು?" ಎಂದ ಬಕ್ಕೇಶಣ್ಣ.

"ಇಲ್ಲಿ ಆಗಲ್ಲಣ್ಣ" ಎಂದು ಪರಶುರಾಮ ವೈರು ಕಿತ್ತ. ಗಿರಾಕಿ ಒಮ್ಮೆ ಅವನನ್ನು, ಒಮ್ಮೆ ಬಕ್ಕೇಶಣ್ಣನನ್ನು ನೋಡಿದ. ಆ ನೋಟದಲ್ಲಿ ಡಾಕ್ಟರ ಮುಂದೆ ನಿಂತವನ ಗೌರವ ಉಳಿದಿರಲಿಲ್ಲ. ಪರಶುರಾಮ ತಲೆ ತಗ್ಗಿಸಿಕೊಂಡೇ ವೈರು ಸುತ್ತತೊಡಗಿದ.